ಎರಡೇ ಸುತ್ತು ತೆರೆದ ವಾಲ್ವು

ಇದನ್ನು ಬರೆಯುವುದನ್ನು ನಾನು ಬಹಳ ವರ್ಷಗಳಿಂದ ಮುಂದಕ್ಕೆ ಹಾಕುತ್ತ ಬಂದಿದ್ದೇನೆ. ಮೊದಲು ಕೆಲಸದಿಂದ ಬಿಡುವಾಗಲಿ ಎಂದೆ. ಬಿಡುವಾದ ಮೇಲೆ ಕಣ್ಣಿನ ಪೊರೆ ತೆಗೆಸಿಕೊಂಡು ಬರೆಯೋಣ ಎಂದೆ. ಪೊರೆ ಹೋಗಿ ಗೋಡೆಯ ಮೇಲಿನ ಇರುವೆಯೂ ಕಾಣುವಂತಾದ ಮೇಲೆ, ಈ ಬೇಸಿಗೆಯೊಂದು ಕಳೆಯಲಿ ಎಂದೆ. ಹೀಗೆ ನೆಪಗಳನ್ನು ಹುಡುಕುವುದರಲ್ಲಿ ನಾನು ಎಷ್ಟು ಪಳಗಿದೆನೆಂದರೆ, ಹುಡುಕದಿದ್ದರೂ ಅವು ತಾವಾಗಿಯೇ ಬಂದು ಬಾಗಿಲಲ್ಲಿ ನಿಲ್ಲತೊಡಗಿದವು.

ಇವತ್ತು ಬೆಳಿಗ್ಗೆ, ಕೊಟ್ಟೂರಿನ ನಮ್ಮ ಮನೆಯ ಹಿತ್ತಲಲ್ಲಿ, ಹೆಂಡತಿ ಸ್ನಾನದ ನೀರು ಕಾಯಿಸುವ ಹಂಡೆಯನ್ನು ಮಗ್ಗುಲಿಗೆ ಮಲಗಿಸಿ ಅದರ ಒಳಗೆ ಕಟ್ಟಿದ್ದ ಬಿಳಿಯ ಚಕ್ಕೆಯನ್ನು ಹಳೆಯ ಕುಡುಗೋಲಿನ ತುದಿಯಿಂದ ಕೆರೆಯುತ್ತಿದ್ದಳು. ಒಂದೊಂದು ಚಕ್ಕೆಯೂ ಮೊಟ್ಟೆಯ ಸಿಪ್ಪೆಯ ಹಾಗೆ ಎದ್ದು ಬೀಳುತ್ತಿತ್ತು. ನಾನು ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಿದ್ದೆ.

“ಬೆಂಗಳೂರಾಗ ಕಂಪ್ಯೂಟರಿಗೆ ನೀರು ಹಾಕಿ ತಂಪು ಮಾಡಿ ಬಂದೋರು, ಮನ್ಯಾಗಿನ ಒಂದು ಹಂಡೆ ನೋಡಕಾಗವಲ್ದು,” ಎಂದಳು ಆಕೆ, ತಲೆ ಎತ್ತದೆ.

ತಮಾಷೆಯ ಮಾತೇ. ಆದರೆ ಆ ಚಕ್ಕೆಗಳನ್ನು ನಾನು ಬೇರೊಂದು ಕಡೆ ಕಂಡಿದ್ದೆ. ಅದರಿಂದಾಗಿ ನಗು ಬರಲಿಲ್ಲ. ಒಳಗೆ ಹೋಗಿ ಕಾಗದ ತೆಗೆದುಕೊಂಡೆ.

ನಮ್ಮ ಕಡೆಯ ನೀರಿನ ಗುಣ ನಿಮಗೆ ಗೊತ್ತಿರಬಹುದು. ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಎಲ್ಲಿ ಕೊಳವೆಬಾವಿ ಕೊರೆದರೂ ಕಲ್ಲನ್ನು ತೊಳೆದುಕೊಂಡು ಬಂದ ನೀರೇ ಮೇಲೆ ಬರುತ್ತದೆ. ಕಣ್ಣಿಗೆ ತಿಳಿ, ನಾಲಗೆಗೆ ಗಡುಸು. ಅದರಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಕೊಡುವುದಿಲ್ಲ. ಅಂಥ ನೀರಿಗಾಗಿಯೂ ನನ್ನ ತಾಯಿ ತಲೆಯ ಮೇಲೊಂದು, ಕಂಕುಳಲ್ಲೊಂದು ಕೊಡ ಹೊತ್ತು ನಡೆದವಳು. ಮನೆಯಲ್ಲಿ ಅಕ್ಕಿ ತೊಳೆದ ನೀರು ಎಮ್ಮೆಗೆ, ಮುಖ ತೊಳೆದ ನೀರು ಕರಿಬೇವಿನ ಬುಡಕ್ಕೆ, ಪಾತ್ರೆ ತೊಳೆದ ನೀರು ಅಂಗಳದ ಧೂಳಿಗೆ. ನೀರು ಚೆಲ್ಲಿದವನಿಗೆ ಬೈಗುಳ ಬೀಳುತ್ತಿರಲಿಲ್ಲ. ಮನೆಯವರೆಲ್ಲ ಒಂದು ಕ್ಷಣ ಮಾತು ನಿಲ್ಲಿಸುತ್ತಿದ್ದರು, ಅಷ್ಟೆ. ಆ ಮೌನ ಏಟಿಗಿಂತ ಹೆಚ್ಚು ತಾಗುತ್ತಿತ್ತು. ಹಾಗೆ ಕಲಿತ ಈ ಒಳ್ಳೆಯ ಬುದ್ಧಿಯೇ ಮುಂದೆ ನನ್ನನ್ನು ಕೆಡಿಸಿತೆಂದರೆ ನೀವು ನಂಬಲಿಕ್ಕಿಲ್ಲ.

ನಾನು ಓದಿದ್ದು ಹತ್ತನೆಯ ತರಗತಿ. ಬಹಳ ವರ್ಷ ಊರಿನಲ್ಲಿ ಓಣಿ ಓಣಿಗೆ ನಲ್ಲಿಯ ನೀರು ಬಿಡುವ ಕೆಲಸ ಮಾಡಿದೆ. ನಲವತ್ತೈದು ದಾಟಿದ ಮೇಲೆ, ಪರಿಚಯದ ಗುತ್ತಿಗೆದಾರರೊಬ್ಬರು ನನ್ನನ್ನು ಬೆಂಗಳೂರಿನ ಅಂಚಿನ ಒಂದು ಡೇಟಾ ಸೆಂಟರಿಗೆ ನೀರಿನ ಟೆಕ್ನೀಷಿಯನ್ ಎಂದು ಸೇರಿಸಿದರು. ಡೇಟಾ ಸೆಂಟರ್ ಎಂದರೆ ಕಿಟಕಿಯೇ ಇಲ್ಲದ ಒಂದು ದೊಡ್ಡ ಕಟ್ಟಡ. ಒಳಗೆ ಬೀರುಗಳ ಹಾಗೆ ಸಾಲಾಗಿ ನಿಂತ ಕಂಪ್ಯೂಟರುಗಳು. ಜನರ ಬ್ಯಾಂಕಿನ ವ್ಯವಹಾರ, ರೈಲಿನ ಟಿಕೆಟ್ಟು, ಮೊಮ್ಮಕ್ಕಳ ಫೋಟೊ ಎಲ್ಲವೂ ಅವುಗಳ ಹೊಟ್ಟೆಯೊಳಗೆ. ಅವು ದಣಿಯುವುದಿಲ್ಲ, ಆದರೆ ಬಿಸಿಯಾಗುತ್ತವೆ. ಆ ಬಿಸಿಯನ್ನು ಚಿಲ್ಲರ್ ಎಂಬ ಯಂತ್ರಗಳು ಹೀರಿ ನೀರಿಗೆ ಕೊಡುತ್ತವೆ. ಬಿಸಿಯಾದ ನೀರು ಮಾಳಿಗೆಯ ಮೇಲಿನ ಕೂಲಿಂಗ್ ಟವರಿನಲ್ಲಿ ಮಳೆಯಂತೆ ಸುರಿದು, ಒಂದಿಷ್ಟು ಆವಿಯಾಗಿ ಆಕಾಶಕ್ಕೆ ಹೋಗಿ, ಉಳಿದದ್ದು ತಣ್ಣಗಾಗಿ ಮತ್ತೆ ಕೆಳಗಿಳಿಯುತ್ತದೆ. ನೀವು ಮನೆಯ ಕಟ್ಟೆಯ ಮೇಲೆ ಕುಳಿತು ಫೋನಿನಲ್ಲಿ ಮದುವೆಯ ಫೋಟೊ ನೋಡುತ್ತಿದ್ದರೆ ಎಲ್ಲೋ ಒಂದು ಮಾಳಿಗೆಯ ಮೇಲೆ ಒಂದಿಷ್ಟು ನೀರು ಆವಿಯಾಗುತ್ತಿರುತ್ತದೆ. ಅದನ್ನು ಮೊದಲ ಸಲ ತಿಳಿದ ದಿನ ನನಗೆ ಊಟ ಸೇರಲಿಲ್ಲ.

ಆವಿಯಾಗುವುದು ನೀರು ಮಾತ್ರ. ಅದರೊಳಗಿನ ಸುಣ್ಣ, ಉಪ್ಪು ಹಿಂದೆ ಉಳಿಯುತ್ತವೆ. ಉಳಿದ ನೀರು ದಿನದಿಂದ ದಿನಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ. ಅದಕ್ಕಾಗಿ ಆ ನೀರಿನಲ್ಲಿ ಒಂದು ಪಾಲನ್ನು ಯಾವಾಗಲೂ ಚರಂಡಿಗೆ ಬಿಡುತ್ತಿರಬೇಕು, ಅಷ್ಟೇ ಹೊಸ ನೀರನ್ನು ತುಂಬುತ್ತಿರಬೇಕು. ಬಿಡದಿದ್ದರೆ ಸುಣ್ಣವು ಚಿಲ್ಲರಿನ ಕೊಳವೆಗಳ ಒಳಗೆ ಹಂಡೆಗೆ ಕಟ್ಟಿದ ಹಾಗೆ ಕಟ್ಟುತ್ತದೆ. ಹೀಗೆ ಬಿಡುವುದಕ್ಕೆ ಬ್ಲೋಡೌನ್ ಎನ್ನುತ್ತಾರೆ. ಅದನ್ನು ತಾನೇ ತೆರೆದು ಮುಚ್ಚುವ ಒಂದು ಸಾಧನ ನಮ್ಮಲ್ಲಿತ್ತು. ಆ ವರ್ಷ ಬೇಸಿಗೆಯ ಮುಂಚೆ ಅದು ಕೆಟ್ಟಿತು. ಅಳತೆ ತೋರಿಸುವ ಮೀಟರೂ ಅದರೊಂದಿಗೇ ರಿಪೇರಿಗೆ ಹೋಯಿತು. ಅದು ಬರುವವರೆಗೆ ಕೈವಾಲ್ವನ್ನು ಐದು ಸುತ್ತು ತೆರೆದಿಡಿ ಎಂದು ಮ್ಯಾನೇಜರು ಹೇಳಿದರು. ಹಿರಿಯನೆಂದು ಆ ವಾಲ್ವಿನ ಜವಾಬ್ದಾರಿ ನನಗೆ ಬಂತು.

ಮಿತ್ರರೇ, ಆ ವಾಲ್ವಿನ ಬಾಯಿಂದ ಬೀಳುತ್ತಿದ್ದ ನೀರನ್ನು ನೀವು ನೋಡಬೇಕಿತ್ತು. ಸೊಂಟದ ಗಾತ್ರದ ಕೊಳವೆಯೇನಲ್ಲ, ಮುಂಗೈ ಗಾತ್ರದ್ದು. ಆದರೆ ನಿಲ್ಲದ ಧಾರೆ. ನಮ್ಮ ಊರ ನೀರಿನಷ್ಟೇ ತಿಳಿಯಾಗಿ ಕಾಣುವ ನೀರು, ಹಗಲೂ ರಾತ್ರಿಯೂ, ಚರಂಡಿಗೆ. ನಾನು ಅದರ ಎದುರು ನಿಂತರೆ ನನ್ನ ತಾಯಿ ಹಿಂದೆ ಬಂದು ಮಾತು ನಿಲ್ಲಿಸಿ ನಿಂತಂತೆ ಅನ್ನಿಸುತ್ತಿತ್ತು. ಒಂದು ವಾರ ತಡೆದೆ. ಆಮೇಲೆ ಒಂದು ದಿನ ಹಿಡಿಯನ್ನು ಮುಚ್ಚುವ ಕಡೆಗೆ ಒಂದು ಸುತ್ತು ತಿರುಗಿಸಿದೆ, ಏನೂ ಆಗಲಿಲ್ಲ. ಮರುದಿನ ಇನ್ನೊಂದು, ಅದರ ನಂತರ ಇನ್ನೊಂದು. ಐದು ಸುತ್ತಿನಲ್ಲಿ ಎರಡೇ ಉಳಿದವು. ಯಾರಿಗೂ ಹೇಳಲಿಲ್ಲ.

ಇಲ್ಲಿಗೇ ನಿಂತಿದ್ದರೆ ಅದನ್ನು ಹಳ್ಳಿಗನ ಮುಗ್ಧತನ ಎಂದು ನೀವು ಕ್ಷಮಿಸುತ್ತಿದ್ದಿರಿ. ಆ ತಿಂಗಳು ಕಟ್ಟಡಕ್ಕೆ ಬಂದ ನೀರಿನ ಟ್ಯಾಂಕರುಗಳು ಕಡಿಮೆಯಾದದ್ದನ್ನು ಮ್ಯಾನೇಜರು ಗಮನಿಸಿದರು. ಎಲ್ಲರನ್ನೂ ಸೇರಿಸಿ, ನೀರು ಉಳಿಸಿದವರು ಎಂದು ನನ್ನ ಹೆಸರು ಹೇಳಿ ಚಪ್ಪಾಳೆ ತಟ್ಟಿಸಿದರು. ಶಾಲೆ ಬಿಟ್ಟ ಮೇಲೆ ನನಗಾಗಿ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ಹೇಗೆ ಉಳಿಸಿದಿರಿ ಎಂದು ಅವರು ಕೇಳಿದರು. ಸೋರುವ ಕಡೆಯೆಲ್ಲ ಬಿಗಿ ಮಾಡಿದೆ ಎಂದು ಹೇಳಿದೆ. ಆ ಸುಳ್ಳಿನ ನಂತರ ವಾಲ್ವನ್ನು ಮತ್ತೆ ಐದು ಸುತ್ತಿಗೆ ತೆರೆಯುವುದು ನನ್ನ ಕೈಯಿಂದ ಆಗದೆ ಹೋಯಿತು.

ಇನ್ನು ಅವನ ವಿಷಯ. ನೀರನ್ನು ಪರೀಕ್ಷೆ ಮಾಡುವ ಕೆಲಸ ನನ್ನ ಕೈಕೆಳಗಿನ ಒಬ್ಬನದು. ಹಡಗಲಿ ತಾಲ್ಲೂಕಿನ ಇಟ್ಟಿಗಿಯವನು, ನನಗಿಂತ ಹದಿನೈದು ವರ್ಷ ಚಿಕ್ಕವನು, ಎರಡು ಹೆಣ್ಣುಮಕ್ಕಳ ತಂದೆ. ಅಲ್ಲಿ ಎಲ್ಲರನ್ನೂ ಊರ ಹೆಸರಿನಿಂದ ಕರೆಯುವುದು ರೂಢಿ: ನಾನು ಕೊಟ್ಟೂರು, ಅವನು ಇಟ್ಟಿಗಿ. ದಿನಕ್ಕೆ ಮೂರು ಸಲ ಟವರಿನ ನೀರನ್ನು ಬಾಟಲಿಯಲ್ಲಿ ಹಿಡಿದು, ಕೈಮೀಟರು ಅದ್ದಿ, ಔಷಧದ ಹನಿ ಹಾಕಿ ಬಣ್ಣ ನೋಡಿ, ಬಂದ ಅಂಕಿಯನ್ನು ಲಾಗ್ ಪುಸ್ತಕದಲ್ಲಿ ಬರೆಯುತ್ತಿದ್ದ. ಆ ಅಂಕಿಗೆ ಅಲ್ಲಿ ರೀಡಿಂಗ್ ಎನ್ನುತ್ತಿದ್ದರು. ಪುಟದ ಕೆಳಗೆ ನನ್ನ ಸಹಿ. ಬಾಟಲಿಯನ್ನು ಅವನು ಅದೇ ನೀರಿನಿಂದ ಮೂರು ಸಲ ತೊಳೆಯದೆ ಪರೀಕ್ಷೆಗೆ ಹಿಡಿದದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ.

“ಅಣ್ಣಾ, ನೀರು ಗಟ್ಟಿ ಆಗಾಕತ್ತೈತಿ,” ಎಂದು ಬಂದ ಒಂದು ಮಧ್ಯಾಹ್ನ.

“ನಿನ್ನ ಬಾಟ್ಲಿ ತೊಳದಿಯೇನ್ಲೇ?”

“ತೊಳದೀನಿ ಅಣ್ಣಾ. ಎರಡು ಸಲ ನೋಡೀನಿ.”

“ಹಂಗಾದ್ರ ಮೀಟರು ಕೆಟ್ಟೈತಿ. ಹೊಸಾದು ಬರೋತನಕ ಹೋದ ವಾರದ್ದ ಬರಿ.”

ಅವನು ಪೆನ್ನು ಹಿಡಿದು ನಿಂತೇ ಇದ್ದ. “ಅಣ್ಣಾ, ಕಂಡಿದ್ದೊಂದು, ಬರಿಯೋದೊಂದು ಆಗತೈತಲ್ಲ.”

“ನಾ ಸಹಿ ಹಾಕ್ತೀನಿ. ನನ್ನ ಮ್ಯಾಲೆ ಬಿಡು. ನಮ್ಮೂರ ಕಡೆಯವ್ನ ಮಾತು ಕೇಳಲ್ಲೇನು ತಮ್ಮಾ?”

ಮೊದಲ ದಿನ ಬರೆಯಲಿಲ್ಲ. ಜಾಗ ಖಾಲಿ ಬಿಟ್ಟ. ಮರುದಿನ ನಾನು ಮಾತಾಡಿಸಲಿಲ್ಲ, ಚಹಾ ಕುಡಿಯಲು ಅವನನ್ನು ಕರೆಯದೆ ಒಬ್ಬನೇ ಹೋದೆ. ಮೂರನೆಯ ದಿನ ಬರೆದ. ನನ್ನನ್ನು ಅಣ್ಣ ಎಂದು ನಿಜವಾಗಿ ನಂಬಿದ್ದರಿಂದ ಬರೆದ. ಕೂಲಿಂಗ್ ಟವರಿನ ನೀರು ಗಟ್ಟಿಯಾಗುತ್ತ ಹೋದ ಆ ಐದು ವಾರ ಲಾಗ್ ಪುಸ್ತಕದಲ್ಲಿ, ಅವನ ಗುಂಡಗಿನ ಅಕ್ಷರಗಳಲ್ಲಿ, ನೀರು ಒಂದೇ ಸಮನೆ ಚೆನ್ನಾಗಿತ್ತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಬಿಸಿಲು ನೆತ್ತಿಯ ಮೇಲಿದ್ದಾಗ, ಒಂದು ಚಿಲ್ಲರು ಒತ್ತಡ ಹೆಚ್ಚಾಗಿ ನಿಂತಿತು. ಅದರ ಭಾರ ಹೊತ್ತ ಎರಡನೆಯದೂ ನಿಂತಿತು. ಎಲ್ಲ ಕಡೆ ಗಂಟೆ ಬಡಿದುಕೊಳ್ಳತೊಡಗಿತು. ಒಳಗಿನ ಕಂಪ್ಯೂಟರುಗಳಲ್ಲಿ ಎರಡು ಸಾಲು ಬಿಸಿ ತಾಳದೆ ಆರಿಹೋದವು. ಎಲ್ಲರೂ ಚಿಲ್ಲರುಗಳ ಕಡೆ ಓಡಿದರು. ನಾನು ಮಾಳಿಗೆಗೆ ಓಡಿದೆ. ವಾಲ್ವನ್ನು ಐದು ಸುತ್ತಿಗೆ ತೆರೆದು, ಹಿಡಿಯನ್ನು ಅಂಗಿಯ ತುದಿಯಿಂದ ಒರೆಸಿ, ಆಮೇಲೆ ಕೆಳಗಿಳಿದು ಬಂದು ಎಲ್ಲರ ಜೊತೆ ಗಾಬರಿಯಾದವನಂತೆ ನಿಂತೆ. ಹಿಡಿಯನ್ನು ಯಾಕೆ ಒರೆಸಿದೆನೋ ಇವತ್ತಿಗೂ ತಿಳಿದಿಲ್ಲ. ಕಳ್ಳನ ಕೈಗೆ ಯಾರೂ ಕಲಿಸಿಕೊಡಬೇಕಾಗಿಲ್ಲವೇನೋ.

ಚಿಲ್ಲರಿನ ಮುಚ್ಚಳ ಬಿಚ್ಚಿದಾಗ ಕೊಳವೆಗಳ ಒಳಗೆ ಬಿಳಿಯ ಚಕ್ಕೆ, ಬೆರಳು ತೂರದಷ್ಟು. ಮರುದಿನ ವಿಚಾರಣೆ. ಮೇಜಿನ ಮೇಲೆ ಲಾಗ್ ಪುಸ್ತಕ, ಅದರ ಪಕ್ಕ ಒಂದು ತಟ್ಟೆಯಲ್ಲಿ ಆ ಚಕ್ಕೆಗಳು. ಮ್ಯಾನೇಜರು ಕೇಳಿದರು:

“ಈ ರೀಡಿಂಗ್ ಬರೆದಿದ್ದು ಯಾರು?”

“ನಾನ್ರಿ ಸಾರ್,” ಎಂದ ಇಟ್ಟಿಗಿ.

“ಇಷ್ಟು ಸುಣ್ಣ ಕಟ್ಟಿದೆ, ನೀವು ಎಲ್ಲಾ ಸರಿಯಾಗಿದೆ ಅಂತ ಬರೆದಿದ್ದೀರಿ. ನೀರು ಟೆಸ್ಟ್ ಮಾಡಿದ್ರಾ, ಇಲ್ಲಾ ಕೂತಲ್ಲೇ ಬರೆದ್ರಾ?”

“ಟೆಸ್ಟ್ ಮಾಡೀನ್ರಿ. ಬಂದಿದ್ದ ರೀಡಿಂಗ್ ಬ್ಯಾರೆ ಇತ್ರಿ.”

“ಮತ್ತೆ ಇದನ್ನ ಯಾಕೆ ಬರೆದ್ರಿ?”

ಅವನು ನನ್ನನ್ನು ನೋಡಿದ. ಆ ನೋಟದಲ್ಲಿ ದೂರು ಇರಲಿಲ್ಲ. ಬಸ್ಸಿಗೆ ಕಾಯುವವನ ನೋಟ ಅದು, ಬಂದೇ ಬರುತ್ತದೆ ಎಂಬ ನಂಬಿಕೆಯದು. “ಕೊಟ್ಟೂರು ಅಣ್ಣಾರನ್ನ ಕೇಳ್ರಿ ಸಾರ್,” ಎಂದ.

ಮ್ಯಾನೇಜರು ನನ್ನತ್ತ ತಿರುಗಿದರು. ನಾನು ಹೇಳಿದೆ: “ನನಗೆ ಗೊತ್ತಿಲ್ಲ ಸಾರ್. ರೀಡಿಂಗ್ ಅವನದು. ಅವನು ಬರೆದಿದ್ದಕ್ಕೆ ನಾನು ಸಹಿ ಹಾಕ್ತಾ ಇದ್ದೆ, ಅಷ್ಟೆ.”

ಗಮನಿಸಿದಿರಾ? ಆ ಮಾತನ್ನು ನಾನು ನಮ್ಮ ಕಡೆಯ ಮಾತಿನಲ್ಲಿ ಆಡಲಿಲ್ಲ. ಅಚ್ಚುಕಟ್ಟಾದ ಬೆಂಗಳೂರಿನ ಮಾತಿನಲ್ಲಿ ಆಡಿದೆ. ನನ್ನ ತಾಯಿಯ ಬಾಯಿಂದ ಬಂದ ಮಾತಿನಲ್ಲಿ ಆ ವಾಕ್ಯವನ್ನು ಹೇಳಲು ನನಗೆ ಬರುತ್ತಿರಲಿಲ್ಲ. ಆ ದಿನವೇ ಅವನನ್ನು ಕೆಲಸದಿಂದ ತೆಗೆದರು. ನನಗೆ, ಸಹಿ ಹಾಕುವ ಮುನ್ನ ನೋಡಿ ಹಾಕಿ ಎಂಬ ಒಂದು ಮಾತು. ಅವನ ಟ್ರಂಕನ್ನು ಬಸ್ ನಿಲ್ದಾಣದವರೆಗೆ ನಾನೇ ಹೊತ್ತುಕೊಂಡು ಹೋದೆ. ಅದು ಪ್ರೀತಿ ಎಂದು ಅವತ್ತು ನನಗೆ ನಾನೇ ಹೇಳಿಕೊಂಡೆ. ಬಾಯಿಂದ ಹೊರಡಬೇಕಾದ ಮಾತಿನ ಬದಲಿಗೆ ಹೆಗಲ ಮೇಲೆ ಹೊತ್ತ ಭಾರ ಅದು ಎಂದು ಈಗ ತಿಳಿಯುತ್ತದೆ.

ಅದಾದ ಮೇಲೂ ಏಳು ವರ್ಷ ನಾನು ಅಲ್ಲಿಯೇ ಕೆಲಸ ಮಾಡಿದೆ. ವಾಲ್ವು ಮತ್ತೆಂದೂ ಐದು ಸುತ್ತಿಗಿಂತ ಕಡಿಮೆಯಾಗಲಿಲ್ಲ. ಟವರಿನ ಎದುರು ನಿಂತಾಗಲೆಲ್ಲ ಯೋಚಿಸುತ್ತಿದ್ದೆ: ಆವಿಯಾಗಿ ಹೋಗುವುದೆಲ್ಲ ಹಗುರವಾದದ್ದೇ. ಆ ದಿನದ ಗಾಬರಿ ಹೋಯಿತು, ಮ್ಯಾನೇಜರು ಬೇರೆ ಕಡೆ ಹೋದರು, ಚಪ್ಪಾಳೆಯ ಸದ್ದು ಹೋಯಿತು. ಉಳಿದದ್ದು ಮಾತ್ರ ಅಷ್ಟೇ ಇತ್ತು. ಸುತ್ತಲಿನದು ಕಡಿಮೆಯಾದಷ್ಟೂ ಅದು ಗಟ್ಟಿಯಾಯಿತು. ನೀರನ್ನು ಹಿಡಿದಿಡುವುದೇ ಪುಣ್ಯವೆಂದು ಕಲಿತವನಿಗೆ, ಬಿಡಬೇಕಾದ ಕಾಲಕ್ಕೆ ಬಿಡುವುದೂ ಒಂದು ನೇಮ ಎಂದು ಯಾರೂ ಕಲಿಸಿರಲಿಲ್ಲ. ಆದರೆ ಇದನ್ನು ನೆಪವೆಂದು ಹೇಳುತ್ತಿಲ್ಲ. ವಾಲ್ವು ಮುಚ್ಚಿದ್ದು ನನ್ನ ಊರಿನ ಅಭ್ಯಾಸ ಇರಬಹುದು. ಬಾಯಿ ಮುಚ್ಚಿದ್ದು ನಾನೇ.

ಈ ಸಲದ ಯುಗಾದಿಯ ಮುಂದಿನ ವಾರ, ಹೆಂಡತಿಗೆ ಹತ್ತಿರದ ಉಜ್ಜಿನಿಯ ಗುಡಿಗೆ ಹೋಗಿ ಬರುತ್ತೇನೆ ಎಂದು ಹೇಳಿ, ಹಡಗಲಿಯ ಬಸ್ಸು ಹತ್ತಿ ಇಟ್ಟಿಗಿಯಲ್ಲಿ ಇಳಿದೆ. ನಿಲ್ದಾಣದ ಪಕ್ಕದ ಚಹಾದಂಗಡಿಯಲ್ಲಿ ಅವನ ಹೆಸರು ಹೇಳಿ ಮನೆ ಕೇಳಿದೆ. ಬೆಂಚಿನ ಮೇಲಿದ್ದವರು ಮುಖ ಮುಖ ನೋಡಿಕೊಂಡರು.

“ಬೆಂಗಳೂರಾಗ ನೀರಿನ ಕೆಲಸ ಮಾಡಿದಾವ,” ಎಂದೆ.

“ಓ, ರೀಡಿಂಗ್ ಏನ್ರಿ? ಹಂಗನ್ರಿ ಮತ್ತ!” ಎಂದ ಅಂಗಡಿಯವನು, ಸೋಸುತ್ತಿದ್ದ ಚಹಾ ಹಾಗೇ ಹಿಡಿದು. “ಹೆಸರು ಹೇಳಿದ್ರ ಇಲ್ಲಿ ಯಾರಿಗೂ ತಿಳಿಯಂಗಿಲ್ರಿ.”

“ಹಂಗ್ಯಾಕ ಕರೀತೀರಿ?”

ಬೆಂಚಿನ ಮೇಲಿನ ಹಿರಿಯರೊಬ್ಬರು ಹೇಳಿದರು: “ಕುಂತಲ್ಲೇ ನೀರಿನ ರೀಡಿಂಗ್ ಬರದು ಕಂಪನಿ ಮುಳುಗಿಸಿ ಬಂದಾನ್ರಿ. ಅಲ್ಲೇ ಸೆಕ್ಯೂರಿಟಿ ಇದ್ದ ತೆಲಿಗಿ ಊರಾವ ಒಬ್ಬ ಬಂದು ಎಲ್ಲಾ ಹೇಳ್ಯಾನ. ಇಲ್ಲಿ ಫಿಲ್ಟರ್ ನೀರಿನ ಘಟಕ ಆತು ನೋಡ್ರಿ, ನಾ ನೋಡ್ಕೊಂಡು ಹೋಗ್ತೀನಿ, ಕೆಲಸ ಗೊತ್ತೈತಿ ಅಂತ ಪಂಚಾಯ್ತಿಗೆ ಬಂದಿದ್ದ. ಕಂಪ್ಯೂಟರ್ ಕುಡಿಯೋ ನೀರಿಗೇ ಸುಳ್ಳು ಬರದಾವ, ನಾವು ಕುಡಿಯೋ ನೀರಿಗೆ ಬಿಡ್ತಾನೇನು ಅಂತ ಬ್ಯಾಡಂದ್ವಿ.”

ಎಲ್ಲರೂ ನಕ್ಕರು. ಅದು ಕೆಟ್ಟ ನಗೆಯಲ್ಲ. ಬಹಳ ಸಲ ನಕ್ಕು ಸವೆದುಹೋದ ನಗೆ. ನಾನು ಚಹಾ ಕುಡಿದೆ. ಮಿತ್ರರೇ, ಅಲ್ಲಿಯೂ ಕುಡಿದೆ, ಸುಮ್ಮನಿದ್ದೆ.

ಅವನು ಮನೆಯ ಮುಂದೆ ಬೇವಿನ ನೆರಳಲ್ಲಿ ಹಗ್ಗ ಹೊಸೆಯುತ್ತ ಕುಳಿತಿದ್ದ. ತಲೆ ನರೆತಿತ್ತು. ನನ್ನನ್ನು ಕಂಡು ಎದ್ದು ನಿಂತ. “ಬರ್ರಿ ಅಣ್ಣಾ! ಇಂಥಾ ಬಿಸಲಾಗ ಬಂದೀರಲ್ರೀ,” ಎಂದು ಕೈ ಹಿಡಿದ. ಹೆಂಡತಿಯನ್ನು ಕೂಗಿದ: “ನೋಡಿಲ್ಲಿ, ನನ್ನ ಟ್ರಂಕು ಹೊತ್ತ ಅಣ್ಣಾರು ಬಂದಾರ.” ಅವನು ಹೀಗೇ ನನ್ನ ಪರಿಚಯ ಮಾಡಿಸಿದ್ದ, ಇಷ್ಟು ವರ್ಷ, ತನ್ನ ಮನೆಯಲ್ಲಿ.

ಟವರು ಹೇಗಿದೆ ಎಂದು ಕೇಳಿದ, ಹೊಸ ಮೀಟರು ಬಂತೇ ಎಂದು ಕೇಳಿದ. ಹೇಳಿದೆ. ಆಮೇಲೆ ನಾನು, “ತಮ್ಮಾ, ಆ ವಾಲ್ವು…” ಎಂದೆ.

“ಎರಡು ಸುತ್ತು ಇತ್ತಣ್ಣಾ,” ಎಂದ ಅವನು, ಹಗ್ಗದಿಂದ ಕಣ್ಣೆತ್ತದೆ. “ನೀರು ಯಾಕ ಗಟ್ಟಿ ಆಗಾಕತ್ತೈತಿ ಅಂತ ಮ್ಯಾಲೆ ಹೋಗಿ ಎಣಿಸಿದ್ದೆ. ನೀವು ರೀಡಿಂಗ್ ಬದಲಿ ಬರಿ ಅಂದ ದಿನಾನೇ ಎಣಿಸಿದ್ದೆ.”

“ಗೊತ್ತಿತ್ತೇನು? ಮತ್ತ ಸಾಹೇಬ್ರ ಮುಂದ ಯಾಕ ಹೇಳ್ಲಿಲ್ಲೋ?”

“ನೀವು ಹೇಳ್ತೀರಿ ಅಂದ್ಕೊಂಡಿದ್ದೆ.”

ಅಷ್ಟೇ ಹೇಳಿದ. ಸಿಟ್ಟಿಲ್ಲ, ಕಣ್ಣೀರಿಲ್ಲ. ಅವನ ಹೆಂಡತಿ ಮಜ್ಜಿಗೆ ತಂದಿಟ್ಟಳು. “ಕುಡೀರಿ ಅಣ್ಣಾರ, ಬಿಸಲು ಜಾಸ್ತಿ ಐತಿ,” ಎಂದಳು. ತಪ್ಪಾಯಿತು ಎಂಬ ಒಂದು ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಮಜ್ಜಿಗೆಯೊಂದಿಗೆ ಅದನ್ನೂ ಕುಡಿದುಬಿಟ್ಟೆ. ಅವನು ನನ್ನನ್ನು ಬಸ್ಸಿನವರೆಗೆ ಕಳಿಸಲು ಬಂದ. ಚಹಾದಂಗಡಿಯ ಮುಂದೆ ಯಾರೋ, “ಏನ್ ರೀಡಿಂಗ್, ನೆಂಟರೇನು?” ಎಂದರು. ಅವನು ಹೌದೆಂದು ತಲೆಯಾಡಿಸಿದ. ಆ ಹೆಸರಿಗೆ ಅವನು ತಲೆಯಾಡಿಸುವುದು ಎಷ್ಟು ಅಭ್ಯಾಸವಾಗಿತ್ತೆಂದರೆ, ನನಗೆ ಅವನ ಮುಖ ನೋಡಲಾಗಲಿಲ್ಲ.

ಎದುರು ನಿಂತು ಹೇಳುವ ಧೈರ್ಯ ನನಗೆ ಬರಲಿಲ್ಲ. ಬರೆಯುವ ಧೈರ್ಯ ಬಂದಿದೆ. ಅದು ಕಡಿಮೆ ದರ್ಜೆಯದು ಎಂದು ಬಲ್ಲೆ. ಆದರೆ ಇಟ್ಟಿಗಿಯ ಆ ಬೆಂಚಿನ ಮೇಲೆ ಕುಳಿತವರಲ್ಲಿ ಒಬ್ಬರಾದರೂ ಓದುವವರಿರುತ್ತಾರೆ. ಇದನ್ನು ಅವರಿಗಾಗಿಯೇ ನೇರವಾಗಿ ಬರೆಯುತ್ತೇನೆ. ಹಿರಿಯರೇ, ವಾಲ್ವು ಮುಚ್ಚಿದವನು ನಾನು. ಸುಳ್ಳು ರೀಡಿಂಗ್ ಬರೆಸಿದವನು ನಾನು. ಕೇಳಿದಾಗ ಗೊತ್ತಿಲ್ಲ ಎಂದವನೂ ನಾನು. ಅವನು ಕೂತಲ್ಲೇ ಬರೆದವನಲ್ಲ. ಪ್ರತಿ ಸಲವೂ ಮಾಳಿಗೆ ಹತ್ತಿ, ಬಾಟಲಿಯನ್ನು ಮೂರು ಸಲ ತೊಳೆದು, ನೀರು ಕೆಟ್ಟಿದೆ ಎಂದು ಮೊದಲು ಹೇಳಿದವನು. ನಿಮ್ಮ ಮಕ್ಕಳು ಕುಡಿಯುವ ನೀರನ್ನು ಒಬ್ಬರ ಕೈಗೆ ಕೊಡಬೇಕಾದರೆ ಅವನ ಕೈಗೆ ಕೊಡಿ. ನಾಳೆ ಅವನು ಆ ದಾರಿಯಲ್ಲಿ ಬಂದಾಗ ಅವನನ್ನು ಹೆಸರು ಹಿಡಿದು ಕರೆಯಿರಿ. ಅವನ ಹೆಸರು ಅಂಗಡಿ ಮರುಳಸಿದ್ದಪ್ಪ.